ಎದುರಿನವರ ಮಾತಿಗೆ ಮೊದಲ ಎರಡು ಸಾಲು

ಸಂಪಾದಕರಿಗೆ ನಮಸ್ಕಾರ.

ಮಕ್ಕಳಿಗೆ ಸ್ವಂತ ಮೊಬೈಲ್ ಯಾವ ವಯಸ್ಸಿಗೆ ಕೊಡಬೇಕು ಅನ್ನುವ ಚರ್ಚೆ ಈಗ ಆನ್‌ಲೈನ್‌ನಲ್ಲಿ ಜೋರಾಗಿದೆ. ನಿಮ್ಮ ಓದುಗರ ಪತ್ರಗಳಲ್ಲೂ ಅದರ ಬಿಸಿ ಕಾಣಿಸುತ್ತಿದೆ. ನಾನು ಬರೆಯುತ್ತಿರುವುದು ಮೊಬೈಲ್ ಬಗ್ಗೆ ಅಲ್ಲ, ಆ ಚರ್ಚೆ ನಡೆಯುತ್ತಿರುವ ರೀತಿಯ ಬಗ್ಗೆ.

ಒಬ್ಬ ತಾಯಿ ಹೀಗೆ ಬರೆದಿದ್ದರು: "14 ವರ್ಷದವರೆಗೆ ಸ್ವಂತ ಫೋನ್ ಬೇಡ. ಓದಿಗೆ ಬೇಕಾದರೆ ಮನೆಯ ಫೋನ್ ಬಳಸಲಿ." ಅದಕ್ಕೆ ಬಂದ ಮೊದಲ ಉತ್ತರವೇ, "ಹಾಗಾದರೆ ಮಕ್ಕಳನ್ನು ಗುಹೆಯಲ್ಲಿ ಬೆಳೆಸಿ." ಮುಂದಿನವರು ಆ ತಾಯಿಯ ಮಾತನ್ನು ಓದಲೇ ಇಲ್ಲ, ಗುಹೆಯ ಬಗ್ಗೆ ಮಾತಾಡಿದರು. ಮನೆಯ ಫೋನ್ ಬಳಸಲಿ ಅನ್ನುವ ಎರಡನೇ ಸಾಲು ಎಲ್ಲೋ ಕಳೆದುಹೋಯಿತು. ಇನ್ನೊಬ್ಬ ಯುವಕ, ಬೇಗ ಕೊಟ್ಟು ದೊಡ್ಡವರು ಜೊತೆಗೆ ಕೂತು ಕಲಿಸುವುದೇ ಒಳ್ಳೆಯದು ಎಂದ. ಫೋನ್ ಕಂಪನಿಯಿಂದ ಎಷ್ಟು ದುಡ್ಡು ಬಂತು ಅಂತ ಅವನನ್ನು ಕೇಳಿದರು. ಅವನ ಕಾರಣ ಏನು ಅಂತ ಯಾರೂ ಕೇಳಲಿಲ್ಲ. ಎರಡೂ ಮಾತಿನಲ್ಲಿ ಯೋಚಿಸಬೇಕಾದ್ದು ಇತ್ತು. ಎರಡೂ ದಂಡವಾದವು. ನನಗೆ ನಿಜಕ್ಕೂ ಸಂಕಟವಾಯಿತು.

ನಾನು ಕೋರ್ಟಿನಲ್ಲಿ ಸ್ಟೆನೊ ಆಗಿದ್ದವಳು. ನಿವೃತ್ತಿ ಆಗುವವರೆಗೂ ನ್ಯಾಯಾಧೀಶರು ಹೇಳುವ ತೀರ್ಪನ್ನು ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಂಡು ಟೈಪ್ ಮಾಡುವುದೇ ಕೆಲಸ. ತೀರ್ಪು ಬರೆಯುವುದಕ್ಕೆ ಒಂದು ಕ್ರಮ ಇದೆ. ಮೊದಲು ವಾದಿಯ ಮಾತು, ಆಮೇಲೆ ಪ್ರತಿವಾದಿಯ ಮಾತು. ನಂತರ ಯಾವ ಪ್ರಶ್ನೆಗಳು ಇತ್ಯರ್ಥ ಆಗಬೇಕು ಅನ್ನುವುದು, ಅದಕ್ಕೆ ಕಾರಣಗಳು, ಕಡೆಗೆ ಆದೇಶ. ಸೋಲುವವರ ವಾದವೂ ಆ ಹಾಳೆಗಳಲ್ಲಿ ಇರಲೇಬೇಕು.

ನಾನು ಜೊತೆಗೆ ಕೆಲಸ ಮಾಡಿದ ಒಬ್ಬ ನ್ಯಾಯಾಧೀಶರು ಈ ಭಾಗದಲ್ಲಿ ಬಹಳ ಕಟ್ಟುನಿಟ್ಟು. ಸೋಲುವ ಕಡೆಯ ವಾದವನ್ನು ಹೇಳಿ ಬರೆಸಿದ ಮೇಲೆ, ಅದನ್ನು ನನ್ನಿಂದ ಮತ್ತೆ ಓದಿಸುತ್ತಿದ್ದರು. "ಇದನ್ನು ಅವರ ವಕೀಲರು ಓದಿದರೆ, ಹೌದು, ನಾನು ಹೇಳಿದ್ದು ಇದೇ ಅನ್ನಬೇಕಮ್ಮ" ಅನ್ನುತ್ತಿದ್ದರು. ಹಾಗೆ ಅನ್ನಿಸದಿದ್ದರೆ ಇಡೀ ಪ್ಯಾರಾ ಹೊಡೆದುಹಾಕಿ ಹೊಸದಾಗಿ ಹೇಳುತ್ತಿದ್ದರು. ಕೆಲವು ಸಲ ಹೀಗೆ ಹೇಳುತ್ತಾ ಹೇಳುತ್ತಾ ನಿಂತುಬಿಡುತ್ತಿದ್ದರು. ಫೈಲ್ ತರಿಸಿ ಒಂದು ದಾಖಲೆಯನ್ನು ಇನ್ನೊಮ್ಮೆ ನೋಡುತ್ತಿದ್ದರು. ಎದುರು ಕಡೆಯ ವಾದವನ್ನು ಸರಿಯಾಗಿ ಬರೆಯಲು ಹೋದಾಗ ಮಾತ್ರ ಕಣ್ಣಿಗೆ ಬೀಳುವ ಸಂಗತಿಗಳು ಇರುತ್ತವೆ, ನಾನು ಅದನ್ನು ಹತ್ತಿರದಿಂದ ಕಂಡಿದ್ದೇನೆ.

"ಪಕ್ಷಪಾತ ಮಾಡಬೇಡಿ, ತೆರೆದ ಮನಸ್ಸಿನಿಂದ ಓದಿ" ಅಂತ ಹೇಳಿದರೆ ಸಾಕಲ್ವಾ ಅಂತ ಕೇಳಬಹುದು. ಸಾಕಾಗುವುದಿಲ್ಲ. ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ.

1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರಾದ ಚಾರ್ಲ್ಸ್ ಲಾರ್ಡ್, ಲೀ ರಾಸ್ ಮತ್ತು ಮಾರ್ಕ್ ಲೆಪ್ಪರ್ 48 ವಿದ್ಯಾರ್ಥಿಗಳನ್ನು ಆರಿಸಿಕೊಂಡರು. 24 ಮಂದಿ ಮರಣದಂಡನೆಯ ಪರ, 24 ಮಂದಿ ವಿರುದ್ಧ. ಎಲ್ಲರಿಗೂ ಎರಡು ಅಧ್ಯಯನ ಓದಲು ಕೊಟ್ಟರು. ಮರಣದಂಡನೆಯಿಂದ ಕೊಲೆಗಳು ತಗ್ಗುತ್ತವೆ ಅಂತ ಒಂದು, ತಗ್ಗುವುದಿಲ್ಲ ಅಂತ ಇನ್ನೊಂದು. ಎರಡನ್ನೂ ಸಂಶೋಧಕರೇ ಪ್ರಯೋಗಕ್ಕಾಗಿ ಬರೆದಿದ್ದರು. ಒಂದರಲ್ಲಿ ಕಾನೂನು ಬರುವ ಮೊದಲು ಮತ್ತು ಬಂದ ನಂತರದ ಲೆಕ್ಕ, ಇನ್ನೊಂದರಲ್ಲಿ ಅಕ್ಕಪಕ್ಕದ ರಾಜ್ಯಗಳ ಹೋಲಿಕೆ. ಅರ್ಧ ಮಂದಿಗೆ ಯಾವ ವಿಧಾನದಿಂದ ಯಾವ ಫಲಿತಾಂಶ ಬಂತು ಅನ್ನುವುದನ್ನು ಅದಲು ಬದಲು ಮಾಡಿದ್ದರು. ಏನಾಯಿತು? ತಮಗೆ ಬೇಕಾದ ಫಲಿತಾಂಶ ಕೊಟ್ಟ ಅಧ್ಯಯನ ಚೆನ್ನಾಗಿದೆ ಅಂದರು, ಬೇಡವಾದದ್ದರಲ್ಲಿ ಹುಳುಕು ತೆಗೆದರು. ಎರಡೂ ಕಡೆಯ ಸಾಕ್ಷ್ಯ ಓದಿದ ಮೇಲೆ, ತಮ್ಮ ಮೊದಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು ಎಂದರು.

ನನ್ನನ್ನು ತುಂಬಾ ಹಿಡಿದಿಟ್ಟದ್ದು ಇದರ ಮುಂದಿನ ಭಾಗ. 1984ರಲ್ಲಿ ಲಾರ್ಡ್ ಮತ್ತು ಲೆಪ್ಪರ್, ಎಲಿಜಬೆತ್ ಪ್ರೆಸ್ಟನ್ ಜೊತೆ ಸೇರಿ ಇದನ್ನೇ ಸ್ವಲ್ಪ ಬದಲಾಯಿಸಿ ಮಾಡಿದರು. ಒಂದು ಗುಂಪಿಗೆ, ನೀವೇ ನ್ಯಾಯಾಧೀಶರು ಅಂದುಕೊಂಡು ಪಕ್ಷಪಾತ ಇಲ್ಲದೆ ತೂಗಿ ನೋಡಿ ಅಂತ ಹೇಳಿದರು. ಏನೂ ಪ್ರಯೋಜನ ಆಗಲಿಲ್ಲ. ಇನ್ನೊಂದು ಗುಂಪಿಗೆ ಒಂದು ಪ್ರಶ್ನೆ ಕೊಟ್ಟರು: ಇದೇ ಅಧ್ಯಯನ, ಇದೇ ವಿಧಾನ, ಆದರೆ ಫಲಿತಾಂಶ ಮಾತ್ರ ಉಲ್ಟಾ ಬಂದಿದ್ದರೆ ಆಗಲೂ ಇದೇ ಅಂಕ ಕೊಡುತ್ತಿದ್ದಿರಾ? ಪ್ರತಿ ಹಂತದಲ್ಲೂ ಇದನ್ನು ಕೇಳಿಕೊಂಡವರಲ್ಲಿ ತಮ್ಮ ನಂಬಿಕೆಯ ಕಡೆಗೇ ವಾಲುವ ಗುಣ ಕಾಣಲಿಲ್ಲ.

ನ್ಯಾಯಾಧೀಶರಂತೆ ಇರಿ ಅಂದರೆ ಆಗದ ಕೆಲಸ ಒಂದು ಪ್ರಶ್ನೆಯಿಂದ ಆಯಿತು. ನಾನು ಕಂಡ ನ್ಯಾಯಾಧೀಶರನ್ನೂ ಕುರ್ಚಿ ನ್ಯಾಯವಂತರನ್ನಾಗಿ ಮಾಡಲಿಲ್ಲ. ಆದೇಶಕ್ಕೆ ಮೊದಲು ಸೋಲುವ ಕಡೆಯ ವಾದವನ್ನೂ ಬರೆಯಬೇಕು ಅನ್ನುವ ಕ್ರಮ ಮಾಡಿತು. ಫೋನ್‌ನಿಂದ ಮಕ್ಕಳ ನಿದ್ದೆ ಕೆಡುತ್ತದೆ ಅನ್ನುವ ಸಮೀಕ್ಷೆಯನ್ನು ಯಾರಾದರೂ ಹಂಚಿಕೊಂಡಾಗ, "ಪೋಷಕರನ್ನು ಕೇಳಿ ಬರೆದ ಲೆಕ್ಕ ನಂಬುವುದು ಹೇಗೆ" ಅನ್ನುತ್ತೇವೆ. ಅದೇ ಪೋಷಕರು ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತಾರೆ ಅಂದಿದ್ದರೆ ನಂಬುತ್ತಿದ್ದೆವಾ?

ನಮ್ಮ ಹಳೆಯ ಶಾಸ್ತ್ರಕಾರರಿಗೆ ಈ ಕ್ರಮ ಚೆನ್ನಾಗಿ ಗೊತ್ತಿತ್ತು. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ; ಆಮೇಲೆ ಸಿದ್ಧಾಂತ, ಅಂದರೆ ತಮ್ಮ ತೀರ್ಮಾನ. ದೇವರು, ಪರಲೋಕ ಒಪ್ಪದ ಹಳೆಯ ಚಿಂತಕರಾದ ಚಾರ್ವಾಕರ ಸ್ವಂತ ಬರಹಗಳು ಹೆಚ್ಚುಕಮ್ಮಿ ಎಲ್ಲವೂ ಕಳೆದುಹೋಗಿವೆ. ಅವರ ವಿಚಾರ ನಮಗೆ ತಿಳಿದಿರುವುದು ಜಾಸ್ತಿ ಅವರನ್ನು ಖಂಡಿಸಿದವರು ಬರೆದಿಟ್ಟದ್ದರಿಂದ. ಅಲ್ಲೂ ಗೇಲಿ ಇದೆ, ನಿಜ. ಆದರೂ ವಾದ ಉಳಿಯಿತು. ನಾವು ಇವತ್ತು ಖಂಡಿಸುವ ಮಾತುಗಳು ನಮ್ಮ ಖಂಡನೆಯಲ್ಲಿ ಅಷ್ಟಾದರೂ ಉಳಿಯುತ್ತವಾ? ಡಾರ್ವಿನ್ ಕೂಡ ತನ್ನ ಸಿದ್ಧಾಂತಕ್ಕೆ ಒಗ್ಗದ ಸಂಗತಿ ಕಂಡರೆ ಕೂಡಲೇ ಬರೆದಿಟ್ಟುಕೊಳ್ಳುತ್ತಿದ್ದರು. ಒಗ್ಗುವ ಸಂಗತಿಗಿಂತ ಒಗ್ಗದ್ದು ಬೇಗ ಮರೆತುಹೋಗುತ್ತದೆ ಅನ್ನುವುದು ಅವರ ಅನುಭವ.

ಆನ್‌ಲೈನ್‌ನಲ್ಲಿ ಇದು ಇನ್ನೂ ಕಷ್ಟ. ಕೋರ್ಟಿನಲ್ಲಿ ಎರಡೂ ಕಡೆಯ ವಕೀಲರು ಒಬ್ಬರನ್ನೇ ನೋಡಿ ಮಾತಾಡಬೇಕು, ಆ ಒಬ್ಬರು ಯಾರ ಕಡೆಯವರೂ ಅಲ್ಲ. ಇಲ್ಲಿ ನಾವು ಉತ್ತರ ಬರೆಯುವಾಗ ನಮ್ಮ ಕಡೆಯವರು ನೋಡಿ ಮೆಚ್ಚಲಿ ಅಂತ ಬರೆಯುತ್ತೇವೆ. ಗೇಲಿಗೆ ಲೈಕ್ ಜಾಸ್ತಿ. ಒಂದು ಸಾಲಿನ ಸ್ಕ್ರೀನ್‌ಶಾಟ್ ಓಡಿದಷ್ಟು ವೇಗವಾಗಿ ಪೂರ್ತಿ ಬರಹ ಓಡುವುದಿಲ್ಲ.

ಇದಕ್ಕೆ ಬರುವ ಆಕ್ಷೇಪವೂ ಗಟ್ಟಿಯಾಗಿಯೇ ಇದೆ. ಎಲ್ಲ ಮಾತಿಗೂ ಎರಡು ಕಡೆ ಇದೆ ಅಂತ ನಟಿಸಿದರೆ ಸುಳ್ಳಿಗೂ ಸಮಾನ ಜಾಗ ಸಿಗುತ್ತದೆ. ದ್ವೇಷ ಕಾರುವವರ ಮಾತನ್ನು ಚಂದ ಮಾಡಿ ಹೇಳುವ ಹೊಣೆ, ಅದರಿಂದ ನೊಂದವರ ಮೇಲೆಯೇ ಬೀಳುತ್ತದೆ. ಇದು ನ್ಯಾಯವಾದ ಮಾತು. ಪರೀಕ್ಷಿಸಿ ನೋಡಬಹುದಾದ ಸುಳ್ಳನ್ನು ಸುಳ್ಳು ಅನ್ನಲೇಬೇಕು. ಬೆದರಿಕೆ, ಬೈಗುಳಕ್ಕೆ ಪೂರ್ವಪಕ್ಷದ ಮರ್ಯಾದೆ ಬೇಕಿಲ್ಲ. ನಾನು ಕೇಳುತ್ತಿರುವುದು ನಮ್ಮಷ್ಟೇ ಕಾಳಜಿ ಇದ್ದು ಬೇರೆ ತೀರ್ಮಾನಕ್ಕೆ ಬಂದವರ ಬಗ್ಗೆ. ಸರಿಯಾಗಿ ಓದಿದ ಮಾತ್ರಕ್ಕೆ ಒಪ್ಪಿದ ಹಾಗೆ ಆಗುವುದಿಲ್ಲ. ನಮ್ಮ ನ್ಯಾಯಾಧೀಶರು ವಾದ ಅಷ್ಟು ಚೆನ್ನಾಗಿ ಬರೆಸಿದ ಮೇಲೂ ಆ ಕಡೆಯವರನ್ನು ಸೋಲಿಸುತ್ತಿದ್ದರು.

ನಿಮ್ಮಲ್ಲಿ ಒಂದು ಕೋರಿಕೆ. ಇನ್ನೊಬ್ಬರ ಪತ್ರ ಅಥವಾ ಲೇಖನವನ್ನು ವಿರೋಧಿಸಿ ಬರೆಯುವವರಿಗೆ ಒಂದು ನಿಯಮ ಮಾಡಿ. ಮೊದಲ ಎರಡು ಸಾಲಿನಲ್ಲಿ ಅವರು ಏನು ಹೇಳಿದ್ದಾರೆ, ಯಾವ ಕಾರಣ ಕೊಟ್ಟಿದ್ದಾರೆ ಅನ್ನುವುದು ಇರಲಿ, ಅವರೇ ಓದಿ ಒಪ್ಪುವ ಹಾಗೆ. ಅದು ತಪ್ಪಾಗಿದ್ದರೆ ಪತ್ರ ವಾಪಸ್ ಕಳಿಸಿ, ತಿದ್ದಿಸಿ. ಜಾಗದ ಅಭಾವ ಅನ್ನಬೇಡಿ, ಬೇಕಾದರೆ ವಾರಕ್ಕೆ ಒಂದು ಪತ್ರ ಕಡಿಮೆ ಹಾಕಿ. ನಿಮ್ಮ ವೆಬ್‌ಸೈಟ್‌ನಲ್ಲಿ ಬರುವ ಪ್ರತಿಕ್ರಿಯೆಗಳಿಗೂ ಇದೇ ಇರಲಿ. ಮೊಬೈಲ್ ಚರ್ಚೆಯಿಂದಲೇ ಶುರು ಮಾಡಬಹುದು. ಆ ತಾಯಿಯ ಕಾರಣವನ್ನೂ ಆ ಯುವಕನ ಕಾರಣವನ್ನೂ ಪೂರ್ತಿಯಾಗಿ ಓದಬೇಕು ಅನ್ನುವ ಆಸೆ ನನಗೆ ಇನ್ನೂ ಇದೆ.

— ನಿವೃತ್ತ ಕೋರ್ಟ್ ಸ್ಟೆನೊ, ನಿಮ್ಮ ಓದುಗರಲ್ಲೊಬ್ಬಳು