ಔಷಧಿ ಅಂಗಡಿಯ ಆ ತಾಯಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಗ್ಯಾಸಿನ ಗುಳಿಗಿ ಕೇಳಿದ ಹಿರಿಯರಿಗೆ, ಪಟ್ಟಿ ಕತ್ತರಿಸುವ ಮೊದಲೇ "ಕಾಕಾ, ಸಂಡಾಸ ಯಾವ ಬಣ್ಣ ಆಗ್ಯಾದ?" ಎಂದು ಕೇಳಿದ ತಾಯಿಗೆ ನಮ್ಮ ಬಳಗದ ಧನ್ಯವಾದ. ಹೆಸರು ಗೊತ್ತಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ನಾತವಿದ್ದರೆ ಜಠರದಲ್ಲೋ ಸಣ್ಣ ಕರುಳಿನ ಆರಂಭದಲ್ಲೋ ರಕ್ತ ಸೋರುತ್ತಿರಬಹುದು; ಒಳಗೇ ಜೀರ್ಣವಾದ ರಕ್ತ ಕಪ್ಪಾಗುತ್ತದೆ. ಮೊಣಕಾಲು ನೋವಿಗೆ ದಿನಾ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ನುಂಗುವವರಿಗೆ ಹೀಗೆ ರಕ್ತ ಸೋರುವ ಹುಣ್ಣಿನ ಅಪಾಯ ಹೆಚ್ಚು. ಗ್ಯಾಸಿನ ಗುಳಿಗೆ ಉರಿ ತಗ್ಗಿಸಿ ರೋಗವನ್ನು ಮರೆಮಾಚೀತು. ಮಲ ಹೀಗೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಸಾಮಾನ್ಯವಾಗಿ ಅಂಟುವುದಿಲ್ಲ. ಆಕೆ ಅದನ್ನೂ ವಿಚಾರಿಸಿದರು!

ಕಾಳುಪಲ್ಯ ಹೆಚ್ಚಾಗಿ ಹೊಟ್ಟೆ ಉಬ್ಬಿದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಗಾಬರಿ ಬೇಡ. ಮಲದ ರೂಢಿ ಮೂರು ವಾರವಾದರೂ ಮೊದಲಿನಂತಾಗದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ತ್ರಾಸಾದರೆ ವೈದ್ಯರಿಗೆ ತೋರಿಸಿ. ಕೆಂಪು ರಕ್ತ ಕಂಡಾಗ ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಬೇಡಿ.

ಭೇದಿಯೆಂದು ಬಂದ ಇನ್ನೊಬ್ಬರಿಗೆ ಆಕೆ ಓಆರ್‌ಎಸ್ (ನೀರಲ್ಲಿ ಕಲಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ) ಕೊಟ್ಟು, ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ ಹಾಕಿ, 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ ಎಂದರು. ಒಂದು ಲೋಟ ನೀರಿಗೆ ಅಷ್ಟನ್ನೂ ಸುರಿದರೆ ಉಪ್ಪು, ಸಕ್ಕರೆ ಹೆಚ್ಚಾಗಿ ಭೇದಿಯೇ ಜೋರಾಗುತ್ತದೆ.