ಹುಬ್ಬಳ್ಳಿಯ ಖಾನಾವಳಿಯ ಅಕ್ಕಾರಿಗೆ

ಕಳೆದ ಗುರುವಾರ ಅವ್ವನ ಡಯಾಲಿಸಿಸ್ ಮುಗಿದಾಗ ಮಧ್ಯಾಹ್ನ 3 ದಾಟಿತ್ತು. 4 ತಾಸು ಮಲಗಿ ಎದ್ದವಳಿಗೆ ಕೈ ನಡುಕ. ಬುತ್ತಿ ಗಂಟನ್ನು ನಾನು ಕುಂದಗೋಳದ ಬಸ್ಸಿನಲ್ಲೇ ಬಿಟ್ಟಿದ್ದೆ.

ಆಸ್ಪತ್ರೆ ಎದುರಿನ ಖಾನಾವಳಿಯಲ್ಲಿ ಊಟ ಮುಗಿದು ಪಾತ್ರೆ ತಿಕ್ಕುತ್ತಿದ್ದರು. 'ಉಪ್ಪು ಕಡಿಮಿ ಇರೋದು ಏನರ ಸಿಗತೈತೇನ್ರಿ ಅಕ್ಕಾರ?' ಅಂದೆ.

ಅವರು ಅವ್ವನ ಕೈಯ ಪಟ್ಟಿ ನೋಡಿದರು. 'ಕುಂದರ್ರಿ ಯವ್ವಾ.' ಆರಿಸಿದ ಒಲೆ ಮತ್ತೆ ಹೊತ್ತಿಸಿ 2 ತತ್ತಿ ಕುದಿಸಿದರು. ಹಳದಿ ತೆಗೆದು ಬಿಳಿಯದನ್ನಷ್ಟೇ ತಾಟಿಗಿಟ್ಟರು! ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸೋರಿಹೋಗುತ್ತದೆ, ಹಳದಿಯಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ ಅಂತ ಡಯಟೀಷಿಯನ್ ಹೇಳಿ ಹೇಳಿ ನಮಗೆ ಬಾಯಿಪಾಠ; ಇವರಿಗೆ ಹೇಳಿದ್ದು ಯಾರು? ಬಿಸಿ ರೊಟ್ಟಿ ಬಡಿದರು, ಅದಕ್ಕೆ ಹೆಂಗೂ ಉಪ್ಪಿಲ್ಲ. ಹೀರೇಕಾಯಿ ಹೋಳು ಕುದಿಸಿ, ನೀರು ಬಸಿದು ಚೆಲ್ಲಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ಉಪ್ಪಿನಕಾಯಿ ತಂದ ಹುಡುಗನನ್ನು ಕಣ್ಣಲ್ಲೇ ತಡೆದರು. ತಂಬಿಗೆ ಅತ್ತ ಸರಿಸಿ, ಚಹಾದ ಕಪ್ಪಿನಲ್ಲಿ ಅರ್ಧ ನೀರು ಇಟ್ಟಾಗ, ಇದೆಲ್ಲ ನಿಮಗ ಹೆಂಗ ಗೊತ್ತು ಅಂತ ನಾನು ಕೇಳಿಯೇಬಿಟ್ಟೆ.

'ದಿನಾ ನಿಮ್ಮಂಥಾವ್ರ ಬರ್ತಾರ್ರಿ. ನೋಡಿ ನೋಡಿ ಕಲ್ತೀನಿ.'

ಅವ್ವ ಇನ್ನೊಂದು ರೊಟ್ಟಿ ಕೇಳಿದಳು, ಎಷ್ಟೋ ದಿನದ ಮೇಲೆ. ಅಕ್ಕಾರು ರೊಟ್ಟಿಯ ರೊಕ್ಕ ಮಾತ್ರ ತಗೊಂಡರು. ಬಸ್ಸಿನ ಅವಸರದಲ್ಲಿ ಹೆಸರು ಕೇಳುವುದೇ ಮರೆತೆ. ಅಕ್ಕಾರ, ಶನಿವಾರ ಮತ್ತ ಬರ್ತೀವ್ರಿ.