ಚೀನಿ ಕಲಿಯಲು ಹಳ್ಳಿಯೇ ಸರಿ

ಮಾನ್ಯ ಸಂಪಾದಕರೆ,

ಕಳೆದ ವಾರ ಓದುಗರ ಪತ್ರಗಳಲ್ಲಿ ಒಬ್ಬರು ‘ಚೀನಿ ಭಾಷೆ ನಮ್ಮ ನಾಲಿಗೆಗೆ ಒಗ್ಗುವುದಿಲ್ಲ, ಕಲಿಯಲೇಬೇಕೆಂದರೆ ಬೀಜಿಂಗಿಗೆ ಹೋಗಬೇಕು’ ಎಂದು ಬರೆದಿದ್ದರು. ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ನಾನು ಓದಿದ್ದು ಪಿಯುಸಿ ತನಕ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ಇದೆ. 2018ರ ಸೆಪ್ಟೆಂಬರಿನಲ್ಲಿ, ನನ್ನ 46ನೇ ವಯಸ್ಸಿನಲ್ಲಿ, ಚೀನಾದ ಯಾಂಗ್‌ಷುವೋ ಎಂಬ ಕಡೆ 8 ವಾರ ಇದ್ದು ಚೀನಿ ಕಲಿತು ಬಂದೆ.

ಹೋಗಿದ್ದು ಭಾಷೆಯ ಮೇಲಿನ ಪ್ರೀತಿಯಿಂದಲ್ಲ, ಹೊಟ್ಟೆಯುರಿಯಿಂದ. ಬಟ್ಟೆಯಲ್ಲಿ ಚಿತ್ತಾರ ನೇಯಲು ಮಗ್ಗಕ್ಕೆ ಹಾಕುವ ಜಕಾರ್ಡ್ ಸಾಮಾನು ತರಲು ವರ್ಷಕ್ಕೊಮ್ಮೆ ಚೀನಾದ ಗುವಾಂಗ್‌ಜೌ ನಗರಕ್ಕೆ ಹೋಗುತ್ತಿದ್ದೆ. ಅಲ್ಲೊಬ್ಬ ದುಭಾಷಿ ಇದ್ದ. ಎದುರಿನವನು ಐದು ನಿಮಿಷ ಮಾತಾಡಿದರೂ ಇವನು ನನಗೆ ಹೇಳುತ್ತಿದ್ದುದು ಒಂದೇ ಮಾತು, ‘ರೇಟು ಕಮ್ಮಿ ಆಗಲ್ವಂತೆ.’ ಏನೋ ತಪ್ಪಿದೆ ಅಂತ ಅನ್ನಿಸುತ್ತಿತ್ತು. ಆದರೆ ಭಾಷೆ ಬಾರದೆ ಕೇಳುವುದು ಹೇಗೆ?

ಯಾಂಗ್‌ಷುವೋ ಇರುವುದು ದಕ್ಷಿಣ ಚೀನಾದ ಗುವಾಂಗ್‌ಶಿ ಪ್ರಾಂತ್ಯದಲ್ಲಿ, ಲಿ ನದಿಯ ದಡದಲ್ಲಿ. ಗುವಾಂಗ್‌ಜೌನಿಂದ ವೇಗದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ರೈಲು ನಿಲ್ಲುವುದು ಶಿಂಗ್‌ಪಿಂಗ್ ಎಂಬ ಊರಿನ ಹತ್ತಿರ, ಅಲ್ಲಿಂದ ಊರಿಗೆ ಮತ್ತೆ ಬಸ್ಸು. ನಂದಿಬೆಟ್ಟ ನೋಡಿಕೊಂಡೇ ಬೆಳೆದವನಿಗೆ ಬೆಟ್ಟ ಹೊಸದಲ್ಲ. ಆದರೆ ಈ ಸುಣ್ಣಕಲ್ಲಿನ ಗುಡ್ಡಗಳು ಗದ್ದೆ ಮಧ್ಯೆ ಒಂದೊಂದಾಗಿ ನೆಟ್ಟಗೆ ಎದ್ದು ನಿಂತಿವೆ, ಯಾರೋ ರಾಶಿ ಹಾಕಿ ಮರೆತು ಹೋದ ಹಾಗೆ. ಚೀನಾದ 20 ಯುವಾನ್ ನೋಟಿನ ಹಿಂದೆ ಇರುವುದು ಶಿಂಗ್‌ಪಿಂಗ್ ಬಳಿಯ ಈ ನದಿ, ಈ ಗುಡ್ಡಗಳೇ.

ಹೋಗುವವರಿಗೆ ಒಂದು ಎಚ್ಚರಿಕೆ. ಊರೊಳಗೆ ‘ಶಿ ಜಿಯೆ’ ಎಂಬ ಪ್ರವಾಸಿಗರ ಬೀದಿ ಇದೆ. ಅಲ್ಲಿ ಮಾತ್ರ ಮನೆ ಮಾಡಬೇಡಿ. ಚೀನಿಯರೇ ಇಂಗ್ಲಿಷ್ ಕಲಿಯಲು ಬರುವ ಊರದು. ನಾವು ಚೀನಿಯಲ್ಲಿ ಬಾಯಿ ಬಿಡುವಷ್ಟರಲ್ಲಿ ಅವರು ಇಂಗ್ಲಿಷ್ ಶುರು ಮಾಡಿರುತ್ತಾರೆ. ಮೊದಲ ವಾರ ನನಗೆ ಹಾಗೇ ದಂಡವಾಯಿತು. ಆಮೇಲೆ ಯುಲೊಂಗ್ ಹೊಳೆಯ ಕಡೆ ಒಂದು ರೈತರ ಮನೆಯಲ್ಲಿ ಕೋಣೆ ಹಿಡಿದೆ. ಬೆಳಗ್ಗೆ ಸೈಕಲ್ ತುಳಿದು ಪಾಠಕ್ಕೆ ಹೋಗುವುದು, ಮಧ್ಯಾಹ್ನ ಮನೆಗೆ ವಾಪಸ್. ಬಿದಿರು ತೆಪ್ಪದವರು, ಕೊಯ್ಲಿನವರು, ಮನೆಯೊಡತಿ, ಯಾರಿಗೂ ಇಂಗ್ಲಿಷ್ ಬಾರದು. ಎಲ್ಲರಿಗೂ ಪುರುಸೊತ್ತಿತ್ತು. ನಾನು ಒಂದು ವಾಕ್ಯ ಕಟ್ಟುವ ತನಕ ಕಾಯುತ್ತಿದ್ದರು. ಬೀಜಿಂಗಿನಲ್ಲಿ ಯಾರು ಕಾಯುತ್ತಾರೆ ಹೇಳಿ?

ಇನ್ನು ನಾಲಿಗೆಯ ಮಾತು. ಕಾಗುಣಿತ ಕಲಿತ ನಮಗೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಅವರು ರೋಮನ್ ಲಿಪಿಯಲ್ಲಿ ‘ಡಿ’ ಎಂದು ಬರೆಯುವುದು ನಮ್ಮ ‘ತ’ಕ್ಕೆ ಹತ್ತಿರ, ‘ಟಿ’ ಎಂದು ಬರೆಯುವುದು ‘ಥ’ಕ್ಕೆ. ‘ತಾ’ ಎಂದರೆ ದೊಡ್ಡದು, ‘ಥಾ’ ಎಂದರೆ ಅವನು. ಜೊತೆಗಿದ್ದ ಇಂಗ್ಲೆಂಡಿನ ಹುಡುಗ ಇದಕ್ಕೇ ಒಂದು ವಾರ ಒದ್ದಾಡಿದ. ಮೇಷ್ಟರು ಬೆತ್ತ ಹಿಡಿದು ಕಲಿಸಿದ ಶ, ಷ, ಸ ಮೂರೂ ಅಲ್ಲಿ ಬೇಕಾಗುತ್ತವೆ. ಕನ್ನಡದಲ್ಲಿ ಎಷ್ಟು ಜನ ಸರಿಯಾಗಿ ಅನ್ನುತ್ತೇವೋ, ಆ ಮಾತು ಬೇರೆ.

ಕಷ್ಟ ಇರುವುದು ದನಿಯ ಏರಿಳಿತದಲ್ಲಿ. ಎರಡನೇ ವಾರ ಸಂತೆಯಲ್ಲಿ ಒಬ್ಬ ಅಜ್ಜಿ ಚಕ್ಕೋತ ಗುಡ್ಡೆ ಹಾಕಿಕೊಂಡು ಕೂತಿದ್ದರು. ಪಕ್ಕದ ದೇವನಹಳ್ಳಿಯ ಹಣ್ಣು ಅಷ್ಟು ದೂರದಲ್ಲಿ ಕಂಡರೆ ಬಿಡಲಾಗುತ್ತದೆಯೇ? ‘ನಾನು ಚಕ್ಕೋತ ಕೊಳ್ಳಬೇಕು’ ಅಂದೆ. ಅಜ್ಜಿ ನನ್ನ ಕೈಚೀಲ ಬಗ್ಗಿ ನೋಡಿ, ‘ಎಲ್ಲಿ, ತೋರಿಸು’ ಅಂದರು. ಕೊಳ್ಳುವುದಕ್ಕೂ ‘ಮಾಯ್’, ಮಾರುವುದಕ್ಕೂ ‘ಮಾಯ್’. ದನಿ ತಗ್ಗಿಸಿ ಎಳೆದರೆ ಕೊಳ್ಳುವುದು, ಮೇಲಿನಿಂದ ಧಪ್ ಎಂದು ಇಳಿಸಿದರೆ ಮಾರುವುದು. ನಾನು ಇಳಿಸಿಬಿಟ್ಟಿದ್ದೆ! ರೇಟು ಕೇಳಿದೆ. ‘ಸಿ’ ಎಂದ ಹಾಗಾಯಿತು. ‘ಸಿ’ ಎಂದರೆ ನಾಲ್ಕು. ಅಗ್ಗವಾಯಿತಲ್ಲ ಎಂದು ನಾಲ್ಕು ಯುವಾನ್ ಕೊಟ್ಟೆ. ಅಜ್ಜಿ ತಲೆ ಅಲ್ಲಾಡಿಸಿ, ಎರಡು ತೋರುಬೆರಳು ಅಡ್ಡ ಇಟ್ಟು ಕೂಡುವ ಗುರುತು ಮಾಡಿ ತೋರಿಸಿದರು. ಅವರ ಕೈಲೆಕ್ಕದಲ್ಲಿ ಅದು ಹತ್ತು. ಹತ್ತಕ್ಕೆ ಪುಸ್ತಕದಲ್ಲಿ ‘ಷಿ’. ಆ ಸೀಮೆಯ ಹಳಬರ ಬಾಯಲ್ಲಿ ‘ಷ’ ಹೋಗಿ ‘ಸ’ ಆಗುತ್ತದೆ. ನಮ್ಮ ಕಡೆ ಶಂಕರ ‘ಸಂಕರ’ ಆಗುವುದಿಲ್ಲವೇ, ಹಾಗೆ.

ಮಾರನೇ ದಿನ ಟೀಚರಿಗೆ ಹೇಳಿದೆ. ಆಕೆ ನಗುತ್ತಾ ಹಲಗೆಯ ಮೇಲೆ ‘ಕೊಳ್ಳು’ ಎಂಬ ಅಕ್ಷರ ಬರೆದರು. ಅದರ ತಲೆಯ ಮೇಲೆ ಅಜ್ಜಿ ಬೆರಳಲ್ಲಿ ತೋರಿಸಿದ್ದ ಅದೇ ಹತ್ತರ ಗುರುತು ಇಟ್ಟರು. ಅದು ‘ಮಾರು’ ಆಯಿತು. ಕೊಂಡ ಬೆಲೆಯ ಮೇಲೆ ಹತ್ತು ಇಟ್ಟರೆ ತಾನೇ ಮಾರಾಟ? ವ್ಯಾಪಾರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಹಳ್ಳಿಯ ಉಚ್ಚಾರವೇ ನಾಲಿಗೆಗೆ ಹತ್ತೀತೆಂದು ಹೆದರುವವರಿದ್ದಾರೆ. ನಿಜ, ಅದಕ್ಕೇ ಪಾಠವೂ ಬೇಕು. ಊಟದ ಕಷ್ಟವೂ ಸುಳ್ಳಲ್ಲ. ಅಲ್ಲಿನ ಬೆಳಗಿನ ತಿಂಡಿ ಅಕ್ಕಿಯ ಮಿಫೆನ್, ಥೇಟ್ ನಮ್ಮ ಒತ್ತು ಶ್ಯಾವಿಗೆ. ಮೇಲೆ ಹುಳಿ ಬರಿಸಿದ ಅಲಸಂದೆ ಕಾಯಿ, ಕಡಲೆಕಾಯಿ ಬೀಜ, ಮೆಣಸಿನಕಾಯಿ. ಆದರೆ ಸಾರು ಮೂಳೆಯದು. ‘ವೋ ಛಿ ಸು’, ನಾನು ಸಸ್ಯಾಹಾರಿ, ಎಂದು ದಿನಾ ಹೇಳಿ ಹೇಳಿ ಆ ಮೂರು ಪದದ ದನಿ ಮಾತ್ರ ನನಗೆ ಇವತ್ತಿಗೂ ತಪ್ಪುವುದಿಲ್ಲ.

ಇನ್ನೊಂದು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಅವರಲ್ಲಿ ಬೇರೆ ಬೇರೆ ಹೆಸರು. ಇಂಗ್ಲೆಂಡಿನ ಹುಡುಗ ಇದನ್ನು ಬಾಯಿಪಾಠ ಮಾಡಿದ, ನನಗೆ ಸುಮ್ನೆ ಹೆಸರು ಬದಲಾಯಿಸಿಕೊಂಡರೆ ಸಾಕಾಯಿತು. ಸಂಜೆ ಮನೆಗೆ ಬಂದರೆ ಮನೆಯೊಡತಿ ಮೊದಲು ಕೇಳುತ್ತಿದ್ದುದು ‘ಊಟ ಆಯ್ತಾ’ ಅಂತಲೇ.

2019ರಲ್ಲಿ ಮತ್ತೆ ಗುವಾಂಗ್‌ಜೌಗೆ ಹೋದೆ. ಅದೇ ದುಭಾಷಿ. ನಾನು ಕಲಿತದ್ದನ್ನು ಹೇಳಲಿಲ್ಲ. ರೇಟು ಇಳಿಸುತ್ತಾರಾ ಕೇಳು ಅಂದೆ. ಎದುರಿನವನು ‘ಖ-ಯಿ, ಖ-ಯಿ’ ಅಂದ. ಆಗಬಹುದು, ಆಗಬಹುದು. ದುಭಾಷಿ ನನ್ನ ಕಡೆ ತಿರುಗಿ, ‘ಕಮ್ಮಿ ಆಗಲ್ವಂತೆ’ ಅಂದ. ಅವತ್ತೇ ಅವನ ಲೆಕ್ಕ ಚುಕ್ತಾ ಮಾಡಿದೆ.

2019ರ ನಮ್ಮ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನಲ್ಲಿ ಮಕ್ಕಳು ಕಲಿಯಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಚೀನಿಯೂ ಇತ್ತು. 2020ರಲ್ಲಿ ನೀತಿ ಹೊರಬಂದಾಗ ಆ ಹೆಸರು ಇರಲಿಲ್ಲ. ಗಡಿಯ ಜಗಳ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಸಾಮಾನಂತೂ ಬರುತ್ತಲೇ ಇದೆ, ಭಾಷೆ ಬಾರದ್ದಕ್ಕೆ ನಷ್ಟ ನಮಗೇ ಅಲ್ವಾ? ಭಾರತ-ಚೀನಾ ನಡುವೆ 2020ರಲ್ಲಿ ನಿಂತಿದ್ದ ನೇರ ವಿಮಾನಗಳು 2025ರ ಅಕ್ಟೋಬರಿನಿಂದ ಮತ್ತೆ ಹಾರುತ್ತಿವೆ. 180 ದಿನದೊಳಗಿನ ಓದಿಗೆ ಎಕ್ಸ್2 ಎಂಬ ವೀಸಾ ಇದೆ, ನಾನು ಹೋಗಿದ್ದೂ ಅದರಲ್ಲೇ.

ನಮ್ಮ ಊರಿನ ನೇಕಾರರ ಸಂಘದವರು ವಾರಕ್ಕೆರಡು ಸಂಜೆ ಚೀನಿ ಪಾಠ ಶುರು ಮಾಡಲಿ. ಸಂತೆಯ ಲೆಕ್ಕ, ರೇಟು, ಸಾಮಾನಿನ ಹೆಸರು, ಇಷ್ಟು ಬಂದರೆ ಸದ್ಯಕ್ಕೆ ಸಾಕು. ಜಾಗಕ್ಕೆ ತೊಂದರೆ ಇಲ್ಲ, ನಮ್ಮ ಅಂಗಡಿಯ ಮಹಡಿ ಖಾಲಿ ಇದೆ. ಬಾಡಿಗೆ ಬೇಡ.

– ಒಬ್ಬ ಮಗ್ಗದ ಬಿಡಿಭಾಗ ವ್ಯಾಪಾರಿ, ದೊಡ್ಡಬಳ್ಳಾಪುರ